ಬಚ್ಚಲ ಬಸಳೆಯಿಂದ ಬಾಲ್ಕನಿಯ ಕುಂಡಕ್ಕೆ

ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳೆಯ ಮನೆಗಳಲ್ಲಿ ಬಸಳೆಯ ಚಪ್ಪರವನ್ನು ಹುಡುಕಬೇಕಾದರೆ ಬಚ್ಚಲುಮನೆ ಎಲ್ಲಿದೆಯೆಂದು ನೋಡಿದರೆ ಸಾಕಿತ್ತು. ಮಿಂದ ನೀರು ಗೋಡೆಯ ಕಂಡಿಯಿಂದ ಹೊರಗೆ ಹರಿಯುವ ಜಾಗದಲ್ಲೇ ನಾಲ್ಕು ಗೂಟ ನೆಟ್ಟು, ಮೇಲೆ ಸೀಳಿದ ಅಡಿಕೆ ಮರವನ್ನೋ ಬಿದಿರನ್ನೋ ಹಾಸಿದ ಚಪ್ಪರ. ಅದರ ಮೇಲೆ ದಪ್ಪ ಎಲೆಯ ಬಸಳೆ ಬಳ್ಳಿ. ಅದಕ್ಕೆ ಯಾರೂ ಬೇರೆಯಾಗಿ ಕೊಡ ಹೊತ್ತು ನೀರೆರೆಯುತ್ತಿರಲಿಲ್ಲ. ಮನೆಮಂದಿ ಮಿಂದರೆ ಬಸಳೆಗೆ ನೀರಾಯಿತು. ಮನೆಗೆ ನೆಂಟರು ಬಂದ ದಿನ ಬಸಳೆಗೆ ಎರಡು ಪಾಲು ನೀರು.

ಇಂದು ಅದೇ ಪುತ್ತೂರು ನಗರಸಭೆಯಾಗಿದೆ. ಪೇಟೆಯಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳ ಬೆನ್ನಿಗೆ ಸುಳ್ಯ ಪೇಟೆ ಬೆಳೆದಿದೆ. ಪುತ್ತೂರಿನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಕಡಬವೂ ಪಟ್ಟಣದ ರೂಪ ತಾಳುತ್ತಿದೆ. ಫ್ಲಾಟಿನಲ್ಲಿ ಮಿಂದ ನೀರು ಪೈಪಿನೊಳಗಿಂದ ಇಳಿದು ಕಣ್ಮರೆಯಾಗುತ್ತದೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಬಸಳೆ ಬೇಕೆನ್ನುವವರು ಈಗ ಅಂಗಡಿಯಿಂದ ಇನ್ನೊಂದು ಬಗೆಯ ಏರ್ಪಾಟನ್ನು ತರುತ್ತಾರೆ. ಅಡಿಯಲ್ಲಿ ನೀರಿನ ತೊಟ್ಟಿ, ಮೇಲೆ ಮಣ್ಣು, ನಡುವೆ ನೀರನ್ನು ಮೇಲಕ್ಕೆಳೆಯುವ ಒಂದು ಬತ್ತಿ. ಒಮ್ಮೆ ತೊಟ್ಟಿ ತುಂಬಿಸಿದರೆ ನಾಲ್ಕಾರು ದಿನ ಗಿಡ ತನ್ನಷ್ಟಕ್ಕೆ ನೀರು ಕುಡಿದುಕೊಂಡಿರುತ್ತದೆ. ‘ಸೆಲ್ಫ್ ವಾಟರಿಂಗ್ ಪ್ಲಾಂಟರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಕುಂಡ ಹೊಸ ಕಾಲದ ಸೋಜಿಗದಂತೆ ಕಾಣುತ್ತದೆ. ಆದರೆ ನೀರನ್ನು ಬೇರಿನ ಬಳಿಯಲ್ಲೇ ಕೂಡಿಟ್ಟು, ಬೇಕಾದಷ್ಟನ್ನು ಬೇರಿಗೇ ಬಿಟ್ಟುಬಿಡುವ ಉಪಾಯ ಬಹಳ ಹಳೆಯದು. ನಮ್ಮ ಸೀಮೆಯ ಜನ ಅದನ್ನು ಬೇರೆ ಬೇರೆ ರೂಪಗಳಲ್ಲಿ ಮಾಡುತ್ತಲೇ ಬಂದವರು.

ಮಳೆಯ ನಾಡಿನ ನೀರಡಿಕೆ

ಇಷ್ಟೊಂದು ಮಳೆ ಬೀಳುವ ಊರಿನಲ್ಲಿ ಗಿಡಕ್ಕೆ ನೀರಿನ ಚಿಂತೆ ಏಕೆ ಎಂದು ಘಟ್ಟದ ಮೇಲಿನವರು ಕೇಳುವುದುಂಟು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆಯಾಗುತ್ತದೆ. ಆದರೆ ಅದರ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಜನವರಿಯಿಂದ ಮೇ ತಿಂಗಳ ನಡುವೆ ಒಂದೆರಡು ಅಡ್ಡಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಎರಡನೆಯ ಕಾರಣ ಕಾಲಡಿಯ ನೆಲ. ಇಲ್ಲಿನ ಗುಡ್ಡಗಳು ಮುರಕಲ್ಲಿನವು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು 1800–01ರಲ್ಲಿ ಸುತ್ತಿದ ಆತ, ಕೇರಳದ ಅಂಗಡಿಪುರದಲ್ಲಿ ಇಟ್ಟಿಗೆಯಂತೆ ಕಡಿಯಬಹುದಾದ ಈ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯ ‘ಇಟ್ಟಿಗೆ’ ಎಂಬ ಶಬ್ದದಿಂದ ಹೆಸರು ಕಟ್ಟಿದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ಮುರಕಲ್ಲು ತೂತು ತೂತಾದ ಕಲ್ಲು. ಮಳೆಗಾಲದಲ್ಲಿ ಅದು ನೀರನ್ನು ಹೀರುತ್ತದೆ, ಆದರೆ ಮೇಲ್ಪದರದಲ್ಲಿ ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಇಳಿದು ಇಳಿದು ತಗ್ಗಿನ ತೋಡು ಸೇರುತ್ತದೆ; ಅಲ್ಲಿಂದ ಕುಮಾರಧಾರೆಗೋ ನೇತ್ರಾವತಿಗೋ, ಸುಳ್ಯದ ಕಡೆಯದಾದರೆ ಪಯಸ್ವಿನಿಗೋ ಸೇರಿ ಕಡಲ ಪಾಲಾಗುತ್ತದೆ.

ಆದ್ದರಿಂದಲೇ ತುಳುನಾಡಿನ ಒಕ್ಕಲುತನದಲ್ಲಿ ನೀರು ನಿಲ್ಲುವ ಕಾಲವೇ ಹೊಲದ ಹೆಸರಾಯಿತು. ವರ್ಷದ ಹೆಚ್ಚು ಕಾಲ ನೀರಿರುವ ತಗ್ಗು ಗದ್ದೆ ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಮೇಲಿನ ಗದ್ದೆ ಬೆಟ್ಟು. ಬೆಳೆಗಳೂ ಹಾಗೆಯೇ: ಮಳೆಗಾಲದ ಏಣೆಲು, ನಂತರದ ಸುಗ್ಗಿ, ನೀರು ಉಳಿದರೆ ಮಾತ್ರ ಕೊಳಕೆ. ಏಣೆಲು ಕೊಯ್ದ ಗದ್ದೆಯಲ್ಲಿ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಸೌತೆ, ಕುಂಬಳ, ಅಲಸಂಡೆ, ಹಾಗಲ, ಹರಿವೆ ಬೆಳೆಸುವುದಿತ್ತು. ಈ ಕಡೆಯ ಮಾತಿನಲ್ಲಿ ಅದು ನಟ್ಟಿಕಾಯಿ. ಬೇಸಗೆಯಲ್ಲಿ ಕೊಯ್ದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ತೂಗುಹಾಕಿದರೆ ಮಳೆಗಾಲದ ಹುಳಿ, ಸಾಂಬಾರಿಗೆ ಅದೇ ಆಧಾರ. ಮಳೆಗಾಲದಲ್ಲಿ ನೀರು ಹೆಚ್ಚಾಗಿ ತರಕಾರಿ ಇಲ್ಲ, ಬೇಸಗೆಯಲ್ಲಿ ನೀರಿಲ್ಲದೆ ತರಕಾರಿ ಕಷ್ಟ. ಈ ಸೀಮೆಯ ಅಡುಗೆಮನೆ ನಡೆದದ್ದು ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ.

ಕೊಡ, ಏತ, ದಂಬೆ, ಸುರಂಗ

ಬೇಸಗೆಯಲ್ಲಿ ನೀರನ್ನು ಗಿಡದ ಬುಡಕ್ಕೆ ತಲಪಿಸುವ ದಾರಿಗಳು ಹಲವಿದ್ದವು. ತೋಡಿಗೆ ಮಣ್ಣು, ಕಲ್ಲು, ಸೊಪ್ಪುಗಳಿಂದ ಕಟ್ಟ ಹಾಕಿ ನೀರು ನಿಲ್ಲಿಸುವುದು ಊರವರೆಲ್ಲ ಸೇರಿ ಮಾಡುವ ಕೆಲಸ. ಮಳೆ ನಿಂತ ಮೇಲೆ ಕಟ್ಟಿದ ಕಟ್ಟ ಮುಂದಿನ ಮಳೆಗೆ ಕೊಚ್ಚಿಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟಬೇಕು. ಕೆರೆ, ಬಾವಿಗಳಿಂದ ನೀರೆತ್ತಲು ಏತ. ಎತ್ತರದ ಒರತೆಯ ನೀರನ್ನು ದೂರಕ್ಕೆ ಒಯ್ಯಲು ಅಡಿಕೆ ಮರವನ್ನು ಸೀಳಿ ಒಳಗಿನ ತಿರುಳು ತೆಗೆದು ಮಾಡಿದ ದಂಬೆ. ಒಂದು ದಂಬೆಯ ತುದಿ ಇನ್ನೊಂದರ ಮೇಲೆ ಕೂರುವಂತೆ ಕವೆಗೋಲುಗಳ ಮೇಲಿಟ್ಟರೆ ನೀರು ತನ್ನಷ್ಟಕ್ಕೆ ಅಂಗಳದವರೆಗೆ ಬರುತ್ತಿತ್ತು. ನಟ್ಟಿಕಾಯಿಗೆ ಮಾತ್ರ ಕೊಡವೇ ಗತಿ. ಬೆಳಿಗ್ಗೆ, ಸಂಜೆ ಹೊತ್ತ ಕೊಡಗಳ ಲೆಕ್ಕ ಇಟ್ಟವರಿಲ್ಲ. ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರು.

ಈ ಸೀಮೆಯ ಅಂಚಿನ ಇನ್ನೊಂದು ವಿಶೇಷ ಸುರಂಗ. ಕಾಸರಗೋಡಿನ ಬಾಯಾರು, ಬಂಟ್ವಾಳ ತಾಲ್ಲೂಕಿನ ಮಾಣಿಲ ಮೊದಲಾದ ಕಡೆಗಳಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ತರುತ್ತಾರೆ. ಪಂಪು ಬೇಡ, ಹಗ್ಗ ಬೇಡ; ಇಳಿಜಾರಿನಲ್ಲಿ ನೀರು ತಾನೇ ಹರಿಯುತ್ತದೆ. ಇರಾನಿನ ‘ಕನಾತ್’ಗಳಿಗೆ ಇದನ್ನು ಹೋಲಿಸುವುದುಂಟು. ಪುತ್ತೂರಿಗೆ ದೂರವಲ್ಲದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡುತ್ತಿದ್ದವರು. ತಮಗೆ ದೊರೆತ ಬರಡು ಗುಡ್ಡದಲ್ಲಿ, ದಿನದ ದುಡಿಮೆ ಮುಗಿದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸಲ ಸೋತು, ಕೊನೆಗೆ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಸುರಂಗದ ವಿಷಯ ದೇಶಕ್ಕೆಲ್ಲ ತಿಳಿಯಿತು.

ಈ ಉಪಾಯಗಳ ನಡುವೆ ಒಂದು ಸಾಮ್ಯವಿದೆ. ಒಮ್ಮೆ ಕಷ್ಟಪಟ್ಟು ಏರ್ಪಾಟು ಮಾಡಿದರೆ ಆಮೇಲೆ ನೀರು ತಾನಾಗಿ ಬರಬೇಕು ಎಂಬುದು ದಂಬೆಯಲ್ಲೂ ಸುರಂಗದಲ್ಲೂ ಇರುವ ಲೆಕ್ಕಾಚಾರ. ಬಚ್ಚಲ ಬಸಳೆಯಲ್ಲಿರುವುದೂ ಅದೇ. ಅದು ಎಲ್ಲಕ್ಕಿಂತ ಅಗ್ಗದ ನೀರಾವರಿ.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೂರುವಂತಿಲ್ಲ. ಹಿತ್ತಿಲು, ಸ್ವಂತ ಬಾವಿ, ಬಚ್ಚಲುಮನೆ ಎಲ್ಲರಿಗೂ ಇರಲಿಲ್ಲ. ಚಾಲಗೇಣಿಯ ಒಕ್ಕಲಿಗೆ ಮುಂದಿನ ವರ್ಷ ಅದೇ ನೆಲದಲ್ಲಿ ಇರುತ್ತೇನೆಂಬ ಖಾತರಿಯೇ ಇಲ್ಲದ ಕಾಲವಿತ್ತು. ಮೇಲ್ಜಾತಿಯವರ ಬಾವಿಯ ಹತ್ತಿರ ಸುಳಿಯಲಾಗದವರೂ ಇದ್ದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ನಂತರವೇ ಜಿಲ್ಲೆಯ ಎಷ್ಟೋ ಕುಟುಂಬಗಳಿಗೆ ‘ನಮ್ಮದು’ ಎನ್ನಬಹುದಾದ ಹಿತ್ತಿಲು ದೊರೆತದ್ದು.

ಬಸಳೆಯ ಹೆಸರು

ಬಸಳೆಯನ್ನೇ ಇಲ್ಲಿ ಉದಾಹರಣೆಗೆ ಎತ್ತಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅದರ ವೈಜ್ಞಾನಿಕ ಹೆಸರು ‘ಬಸೆಲ್ಲಾ ಆಲ್ಬಾ’. ಇದು ಲ್ಯಾಟಿನ್ನಿನಂತೆ ಕಂಡರೂ ‘ಬಸೆಲ್ಲಾ’ ನಮ್ಮ ಪಡುವಣ ಕರಾವಳಿಯದೇ ಶಬ್ದ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅದು ಅಚ್ಚಾಯಿತು. ಗಿಡಗಳ ಗುಣ, ಹೆಸರುಗಳನ್ನು ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಮುಂದೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಡುವಾಗ ಈ ಗ್ರಂಥವನ್ನು ಬಳಸಿಕೊಂಡ. ಬಸಳೆ ಹೀಗೆ ‘ಬಸೆಲ್ಲಾ’ ಆಯಿತು. ಇಂಗ್ಲಿಷಿನವರು ಇಂದಿಗೂ ಅದನ್ನು ‘ಮಲಬಾರ್ ಸ್ಪಿನಾಚ್’ ಎನ್ನುತ್ತಾರೆ.

ಬಸಳೆಗೆ ಸದಾ ತೇವವಿರುವ, ಆದರೆ ನೀರು ನಿಲ್ಲದ ಬುಡ ಬೇಕು. ಬಚ್ಚಲ ಹಿಂಬದಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಚ್ಚಲೊಲೆಯ ಬೂದಿಯೂ ಕೈಗೆಟಕುವಷ್ಟು ಹತ್ತಿರ. ಆಗ ತಲೆಗೆ ಸೀಗೆ, ಅಂಟುವಾಳ. ಪಾತ್ರೆ ತೊಳೆಯಲು ಬೂದಿ, ತೆಂಗಿನ ನಾರು. ಆ ನೀರಿನಿಂದ ಗಿಡಕ್ಕೆ ಕೇಡಿರಲಿಲ್ಲ. ಅದೇ ತೇವದ ಅಂಚಿನಲ್ಲಿ ಒಂದೆಲಗ ಹಬ್ಬುತ್ತಿತ್ತು. ತುಳುವಿನಲ್ಲಿ ಅದು ತಿಮರೆ. ಸ್ವಲ್ಪ ಒಣಗಿದ ಕಡೆ ಸಾಂಬ್ರಾಣಿ, ಎಂದರೆ ದೊಡ್ಡಪತ್ರೆ. ಅಡುಗೆಮನೆಯ ನೀರು ಬೀಳುವಲ್ಲಿ ಬಾಳೆ, ಕೆಸು. ಬೇಲಿಯ ಬದಿಯಲ್ಲಿ ಗಾಂಧಾರಿ ಮೆಣಸು. ಮಗುವಿಗೆ ಶೀತವಾದರೆ ಸಾಂಬ್ರಾಣಿಯ ಎಲೆ, ಬಾಯಿ ಹುಣ್ಣಾದರೆ ಒಂದೆಲಗದ ತಂಬುಳಿ, ಆಟಿ ತಿಂಗಳಿಗೆ ಕೆಸುವಿನ ಪತ್ರೊಡೆ ಎಂಬ ತಿಳಿವಳಿಕೆ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು, ಹಿಂಬಾಗಿಲಿನಿಂದ ಹೊರಗೆ ಹೋಗಿ, ಎಲೆ ಕಿತ್ತು ತರುವಷ್ಟು ಹತ್ತಿರ ಗಿಡವಿದ್ದುದರಿಂದ ಅದು ಉಳಿದುಬಂತು.

ನೀರು ಮೇಲಕ್ಕೇರುವ ಬಗೆ

ಬಚ್ಚಲ ಬಸಳೆಗೆ ನೀರು ಮೇಲಿನಿಂದ ಕೆಳಗೆ ಹರಿದು ಬರುತ್ತಿತ್ತು. ಬಾಲ್ಕನಿಯ ಕುಂಡದಲ್ಲಿ ಅದು ಕೆಳಗಿನ ತೊಟ್ಟಿಯಿಂದ ಮೇಲಕ್ಕೇರಬೇಕು. ಇದು ಹೇಗೆ ಸಾಧ್ಯ ಎನ್ನುವವರು ಸಂಜೆ ದೇವರ ಮುಂದೆ ಹಚ್ಚುವ ದೀಪವನ್ನು ನೋಡಬಹುದು. ಎಣ್ಣೆ ಹಣತೆಯ ತಳದಲ್ಲಿರುತ್ತದೆ, ಉರಿ ಬತ್ತಿಯ ತುದಿಯಲ್ಲಿ. ಉರಿದಷ್ಟೂ ಎಣ್ಣೆ ಬತ್ತಿಯ ಎಳೆಗಳ ನಡುವಿನ ಸಂದಿನಲ್ಲಿ ಏರುತ್ತದೆ. ಉರಿ ನಿಂತರೆ ಏರುವುದೂ ನಿಲ್ಲುತ್ತದೆ. ದ್ರವಗಳು ಸಣ್ಣ ಸಂದುಗಳಲ್ಲಿ ತಾವಾಗಿ ಏರುವ ಈ ಗುಣಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಸಂದು ಕಿರಿದಾದಷ್ಟೂ ದ್ರವ ಹೆಚ್ಚು ಎತ್ತರ ಏರುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜುರಿನ್ 1718ರಲ್ಲಿ ನಿರೂಪಿಸಿದ. ಒಂದು ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯಲ್ಲಿ ನೀರು ಸುಮಾರು ಮೂರು ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೆಯ ಒಂದರಷ್ಟು ಕಿರಿದಾದ ಸಂದಿನಲ್ಲಿ ಮೂವತ್ತು ಸೆಂಟಿಮೀಟರ್, ಎಂದರೆ ಒಂದಡಿ. ಮಣ್ಣಿನ ಕಣಗಳ ನಡುವೆ ಇರುವುದು ಇಂಥ ಸಂದುಗಳೇ.

ದೀಪದಲ್ಲಿ ಉರಿ ಮಾಡುವ ಕೆಲಸವನ್ನು ಕುಂಡದಲ್ಲಿ ಎಲೆ ಮಾಡುತ್ತದೆ. ಬಿಸಿಲಿಗೆ ಎಲೆಗಳಿಂದ ನೀರು ಆವಿಯಾದಂತೆ ಬೇರು ಮಣ್ಣಿನಿಂದ ನೀರೆಳೆಯುತ್ತದೆ. ಒಣಗಿದ ಮಣ್ಣು ಬತ್ತಿಯಿಂದ, ಬತ್ತಿ ತೊಟ್ಟಿಯಿಂದ. ಮೋಡ ಕವಿದ ದಿನ ಗಿಡ ಕಡಿಮೆ ಕುಡಿಯುತ್ತದೆ, ಬಿರುಬಿಸಿಲಿನ ದಿನ ಹೆಚ್ಚು. ಎಷ್ಟು ನೀರು ಬೇಕೆಂದು ನಾವು ಲೆಕ್ಕ ಹಾಕಬೇಕಾಗಿಲ್ಲ.

ಈ ಗುಣವನ್ನು ಕೃಷಿಗೆ ದುಡಿಸಿಕೊಂಡವರ ದಾಖಲೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನಾದ ಫಾನ್ ಷೆಂಗ್‌ಝಿ ಎಂಬವನ ಕೃಷಿ ಗ್ರಂಥದಲ್ಲಿ ಕರಬೂಜದಂಥ ಬಳ್ಳಿಗಳನ್ನು ಬೆಳೆಸುವ ಕ್ರಮವೊಂದಿದೆ. ಗುಂಡಿಯ ನಡುವೆ ಮಣ್ಣಿನ ಮಡಕೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಬೇಕು, ಅದರ ತುಂಬ ನೀರಿಡಬೇಕು, ಸುತ್ತ ನಾಲ್ಕು ಕಡೆ ಬೀಜ ಊರಬೇಕು. ಮಡಕೆಯ ಮೈಯಿಂದ ಜಿನುಗುವ ನೀರನ್ನು ಬೇರುಗಳು ಹುಡುಕಿಕೊಂಡು ಬರುತ್ತವೆ. ನಮ್ಮ ದೇಶದ ಒಣ ಸೀಮೆಗಳಲ್ಲಿ ಎಳೆಯ ಸಸಿಗಳನ್ನು ಬದುಕಿಸಲು ಈಗಲೂ ಬಳಸುವ ಮಡಕೆ ನೀರಾವರಿಯ ರೀತಿಯೂ ಇದುವೇ. ಮೆಕ್ಸಿಕೋದ ಅಜ್ಟೆಕ್ ಜನರು ಆಳವಿಲ್ಲದ ಸರೋವರದಲ್ಲಿ ಕೆಸರು, ಜೊಂಡು ಪೇರಿಸಿ ‘ಚಿನಾಂಪ’ ಎಂಬ ಗದ್ದೆಗಳನ್ನು ಕಟ್ಟಿಕೊಂಡಿದ್ದರು. ಸುತ್ತಲಿನ ಕಾಲುವೆಗಳ ನೀರು ಮಣ್ಣಿನೊಳಗೆ ಏರಿ ಬೆಳೆಯ ಬೇರಿಗೆ ತಾಗುತ್ತಿತ್ತು. ಒಂದು ಕುಂಡದ ಕೆಲಸವನ್ನು ಅಲ್ಲಿ ಇಡೀ ಸರೋವರ ಮಾಡುತ್ತಿತ್ತು ಎನ್ನಬಹುದು.

ಇಂದಿನ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಹೆಸರಾದದ್ದು ‘ಅರ್ಥ್‌ಬಾಕ್ಸ್’. ಅದನ್ನು ರೂಪಿಸಿ 1994ರಲ್ಲಿ ಮಾರುಕಟ್ಟೆಗೆ ತಂದವನು ಅಮೆರಿಕದ ಫ್ಲಾರಿಡಾದ ಬ್ಲೇಕ್ ವಿಸೆನಂಟ್ ಎಂಬ ಟೊಮೆಟೊ ಕೃಷಿಕ. ಅವನನ್ನು ಈ ಯೋಚನೆಗೆ ಹಚ್ಚಿದ್ದು ಬರಗಾಲವಲ್ಲ, ಬೆಳೆ ಹಾಳುಮಾಡಿದ ಅತಿಮಳೆ. ಪೆಟ್ಟಿಗೆಯ ಅಡಿಯಲ್ಲಿ ನೀರು, ಮೇಲೆ ಮಣ್ಣು, ಮಣ್ಣಿನ ಮೇಲೆ ಮಳೆನೀರು ಗೊಬ್ಬರವನ್ನು ತೊಳೆಯದಂತೆ ಒಂದು ಹೊದಿಕೆ. ಮಳೆ ಹೆಚ್ಚಾದಾಗಲೂ ಕಡಿಮೆಯಾದಾಗಲೂ ಬೇರಿನ ಬಳಿ ತೇವ ಒಂದೇ ಸಮ. ವರ್ಷದಲ್ಲಿ ಈ ಎರಡು ತೊಂದರೆಗಳನ್ನೂ ಕಾಣುವ ಪುತ್ತೂರು–ಸುಳ್ಯದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ.

ತೆಂಗಿನ ಸಿಪ್ಪೆಯ ಪಾಠ

ಬತ್ತಿಯ ಕೆಲಸ ಮಾಡಲು ಕುಂಡದೊಳಗೆ ಬರಿಯ ಕೆಂಪು ಮಣ್ಣು ತುಂಬಿದರೆ ಅದು ಬಿಗಿದುಕೊಂಡು ಬೇರಿಗೆ ಗಾಳಿ ಸಿಗುವುದಿಲ್ಲ. ಈಗ ಎಲ್ಲರೂ ಬಳಸುವುದು ತೆಂಗಿನ ನಾರಿನ ಹುಡಿ, ಅಂಗಡಿಯ ಮಾತಿನಲ್ಲಿ ಕೊಕೊಪೀಟ್. ನಾರು ತೆಗೆದ ಮೇಲೆ ಉಳಿಯುವ ಈ ಹುಡಿ ಒಂದು ಕಾಲಕ್ಕೆ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆ ಬೀಳುತ್ತಿದ್ದ ಕಸ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ಅದರ ಗುಣವನ್ನು ಕಂಡು ಯುರೋಪಿನ ತೋಟಗಾರರು ಕೊಳ್ಳತೊಡಗಿದ ಮೇಲೆ ಅದಕ್ಕೆ ಬೆಲೆ ಬಂತು.

ನಮ್ಮ ತೋಟದವರಿಗೆ ಈ ಗುಣ ಮೊದಲೇ ಗೊತ್ತಿತ್ತು. ತೆಂಗಿನ ಬುಡದ ಸುತ್ತ ಅಗಳು ತೋಡಿ, ಸುಲಿದ ಸಿಪ್ಪೆಗಳನ್ನು ಹೊಟ್ಟೆ ಮೇಲಾಗಿ ಸಾಲಾಗಿಟ್ಟು ಮಣ್ಣು ಮುಚ್ಚುವುದು ಕರಾವಳಿಯ ಹಳೆಯ ಕ್ರಮ. ಮಳೆಗಾಲದಲ್ಲಿ ಸಿಪ್ಪೆ ನೀರು ಹೀರಿಕೊಂಡಿದ್ದು ಬೇಸಗೆಯಲ್ಲಿ ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೂ ಈ ಕ್ರಮವನ್ನು ಶಿಫಾರಸು ಮಾಡಿದೆ. ಬಾಲ್ಕನಿಯ ಕುಂಡದಲ್ಲಿ ಇದೇ ವ್ಯವಸ್ಥೆ ಸಣ್ಣ ಪ್ರಮಾಣದಲ್ಲಿದೆ.

ಇಂಥ ಕುಂಡವನ್ನು ಹಣ ಕೊಟ್ಟೇ ತರಬೇಕೆಂದಿಲ್ಲ. ಒಂದು ಹಳೆಯ ಬಾಲ್ದಿಯೊಳಗೆ ಇನ್ನೊಂದು ಕೂರುವಂತಿದ್ದರೆ ಸಾಕು. ಮೇಲಿನ ಬಾಲ್ದಿಯ ತಳಕ್ಕೆ ಸಣ್ಣ ತೂತುಗಳು. ನಡುವಿನ ದೊಡ್ಡ ತೂತಿನಿಂದ ಕೆಳಗಿಳಿದು ನೀರು ಮುಟ್ಟುವ ಹತ್ತಿಬಟ್ಟೆಯ ಬತ್ತಿ, ಅಥವಾ ಹುಡಿ ತುಂಬಿದ ತೂತುಳ್ಳ ಡಬ್ಬಿ. ನೀರು ತುಂಬಿಸಲು ಬದಿಯಲ್ಲೊಂದು ಪೈಪಿನ ತುಂಡು. ಕೆಳಗಿನ ಬಾಲ್ದಿಯ ಬದಿಗೆ, ಮೇಲಿನ ಬಾಲ್ದಿಯ ತಳಕ್ಕಿಂತ ಒಂದೆರಡು ಬೆರಳು ಕೆಳಗೆ, ಹೆಚ್ಚಾದ ನೀರು ಹೊರಹೋಗುವ ತೂತು. ಈ ಕೊನೆಯ ತೂತನ್ನು ಮರೆತರೆ ಇಲ್ಲಿನ ಮೊದಲ ಮಳೆಗೇ ಗಿಡ ಕೊಳೆತುಹೋಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರಿನ ಮಟ್ಟಕ್ಕೂ ಮೇಲಿನ ಬಾಲ್ದಿಯ ತಳಕ್ಕೂ ನಡುವೆ ಗಾಳಿಯ ಎಡೆ ಉಳಿಯಲೇಬೇಕು.

ಗಿಡಗಳ ಆಯ್ಕೆಯಲ್ಲೂ ಹಿತ್ತಿಲಿನ ಪಾಠವೇ ಸಾಕು. ಬಚ್ಚಲ ತೇವವನ್ನು ಮೆಚ್ಚುತ್ತಿದ್ದ ಬಸಳೆ, ಒಂದೆಲಗ, ಹರಿವೆ, ಪುದೀನಗಳು ಈ ಕುಂಡದಲ್ಲಿ ಸುಖವಾಗಿರುತ್ತವೆ. ಬೆಂಡೆ, ಟೊಮೆಟೊ, ಮೆಣಸು ಬಿಸಿಲು ಚೆನ್ನಾಗಿದ್ದರೆ ಕಾಯಿ ಬಿಡುತ್ತವೆ. ಹಿತ್ತಿಲಿನಲ್ಲಿ ಒಣ ಜಾಗದಲ್ಲಿದ್ದ ಸಾಂಬ್ರಾಣಿ ಮತ್ತು ಲೋಳೆಸರಗಳು ಎಲೆಯಲ್ಲೇ ನೀರು ಕೂಡಿಡುವ ಜಾತಿಯವು. ಸದಾ ಒದ್ದೆಯಾದ ಬುಡ ಅವಕ್ಕೆ ಆಗದು. ಸಾಮಾನ್ಯ ಕುಂಡವೇ ಲೇಸು. ಕರಿಬೇವೂ ಅದೇ ಸಾಲಿನದು.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ನಿಂತ ನೀರೆಂದರೆ ಸೊಳ್ಳೆ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹರಡಿದಾಗ ಮನೆಮನೆಯ ಹೂಕುಂಡದ ತಟ್ಟೆಗಳನ್ನೂ ತಪಾಸಣೆ ಮಾಡುವಂತಾಯಿತು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ ಸಾಕು. ಆದ್ದರಿಂದ ತೊಟ್ಟಿಯ ಪೈಪಿಗೆ ಮುಚ್ಚಳ, ಹೊರಹೋಗುವ ತೂತಿಗೆ ಸಣ್ಣ ಕಣ್ಣಿನ ಬಲೆ ಇರಲೇಬೇಕು. ನೀರು ಕೆಳಗಿನಿಂದಲೇ ಏರಿ ಆವಿಯಾಗುತ್ತ ಹೋದರೆ ಅದರೊಳಗಿನ ಲವಣ, ಗೊಬ್ಬರದ ಉಪ್ಪು ಮಣ್ಣಿನ ಮೇಲ್ಪದರದಲ್ಲಿ ಕೂಡಿಕೊಳ್ಳುತ್ತದೆ. ಬೇಸಗೆಯಲ್ಲಿ ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳ ನೀರು ಸುರಿದು ಅದನ್ನು ತೊಳೆಯಬೇಕು. ಫ್ಲಾಟಿನ ಬಚ್ಚಲ ನೀರನ್ನೇ ಹಿಡಿದು ಹಾಕೋಣವೆಂದರೆ ಈಗಿನ ಶಾಂಪೂ, ಡಿಟರ್ಜೆಂಟುಗಳ ನೀರು ಸಣ್ಣ ಕುಂಡಕ್ಕೆ ಹಿಡಿಸುವುದಿಲ್ಲ. ಅಕ್ಕಿ, ತರಕಾರಿ ತೊಳೆದ ನೀರಾದರೆ ಅಡ್ಡಿಯಿಲ್ಲ. ಆದರೆ ಅದನ್ನು ತೊಟ್ಟಿಗೆ ತುಂಬಿದರೆ ಹುಳಿತು ನಾರುತ್ತದೆ, ಮಣ್ಣಿನ ಮೇಲೆಯೇ ಹಾಕಬೇಕು.

ಊರ ತರಕಾರಿ, ಘಟ್ಟದ ತರಕಾರಿ

ಇಷ್ಟು ಪಾಡುಪಟ್ಟು ನಾಲ್ಕು ಕುಂಡದಲ್ಲಿ ಬೆಳೆಯುವುದಕ್ಕಿಂತ ಸಂತೆಯಿಂದ ತರುವುದು ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ತರಕಾರಿಗೇನೂ ಬರವಿಲ್ಲ. ಆದರೆ ಅಲ್ಲಿ ‘ಊರ ತರಕಾರಿ’ ಎಂಬುದು ಬೇರೆ, ‘ಘಟ್ಟದ ತರಕಾರಿ’ ಎಂಬುದು ಬೇರೆ. ಪಂಪು, ಕೊಳವೆಬಾವಿಗಳು ಬಂದ ಮೇಲೆ ನೀರು ಹೋದ ಕಡೆಗೆಲ್ಲ ಅಡಿಕೆ ಹೋಯಿತು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯಿಂದ ಬೆಳೆಗಾರರಿಗೆ ಒಂದು ಆಸರೆಯೂ ದೊರೆಯಿತು. ನಟ್ಟಿಕಾಯಿಯ ಗದ್ದೆಗಳು ಅಡಿಕೆ ತೋಟಗಳಾದವು. ಹಣ ಬಂತು, ತರಕಾರಿ ಲಾರಿಯಲ್ಲಿ ಘಟ್ಟದಿಂದ ಬರತೊಡಗಿತು. ಈಗ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗದಿಂದ ಅಡಿಕೆಯೇ ನೆಲಕಚ್ಚುತ್ತಿರುವಾಗ, ಒಂದೇ ಬೆಳೆಯನ್ನು ನೆಚ್ಚಿದ್ದರ ಬೆಲೆ ಸುಳ್ಯದವರಿಗೆ ಗೊತ್ತಾಗಿದೆ.

ಘಟ್ಟದ ದಾರಿಯೂ ಸದಾ ತೆರೆದಿರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಮತ್ತು ಸಂಪಾಜೆ ದಾರಿಗಳೆರಡೂ ಕಡಿದುಹೋಗಿದ್ದವು. 2024ರ ಜುಲೈಯಲ್ಲಿ ಶಿರಾಡಿ ಘಟ್ಟದಲ್ಲಿ ಮತ್ತೆ ಮಣ್ಣು ಜರಿದು ವಾಹನಗಳು ನಿಂತವು. 2020ರ ಮಾರ್ಚ್‌ನ ಲಾಕ್‌ಡೌನ್ ಸಮಯದಲ್ಲಿ ಕೇರಳದ ಗಡಿರಸ್ತೆಗಳಿಗೂ ಮಣ್ಣು ಸುರಿದು ಮುಚ್ಚಲಾಗಿತ್ತು. ಇಂಥ ದಿನಗಳಲ್ಲಿ ಹಿತ್ತಿಲಿನಲ್ಲಿ ಬಸಳೆ, ಹರಿವೆ, ಪಪ್ಪಾಯಿ ಇದ್ದವರು ನೆರೆಮನೆಗೂ ಕೊಟ್ಟು ಉಂಡರು. ಕುಂಡದ ತರಕಾರಿ ಇಡೀ ಮನೆಯನ್ನು ಸಾಕಲಾರದು. ನಾಲ್ಕು ಕುಂಡದ ಬಸಳೆ ಸಣ್ಣ ಸಂಸಾರಕ್ಕೆ ವಾರಕ್ಕೊಂದು ಹೊತ್ತಿನ ಸಾಂಬಾರಿಗಾದರೆ ಅದೇ ಹೆಚ್ಚು. ಈ ಮಿತಿಯನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕಾಗಿದೆ.

ಕುಂಡದಿಂದ ಉಳಿಯುವುದು ತರಕಾರಿಗಿಂತ ಮಿಗಿಲಾಗಿ ಗುರುತು. ಘಟ್ಟದ ಲಾರಿಯಲ್ಲಿ ಎಲೆಕೋಸು, ಬೀನ್ಸ್, ಟೊಮೆಟೊ ಬರುತ್ತವೆ. ಒಂದೆಲಗ, ಸಾಂಬ್ರಾಣಿ ಸಾಮಾನ್ಯವಾಗಿ ಬರುವುದಿಲ್ಲ. ಅವು ಮಾರುವ ವಸ್ತುಗಳಾಗಿರಲಿಲ್ಲ, ಮನೆಯ ಹಿಂದಿನಿಂದ ಕಿತ್ತು ತರುವಂಥವು. ಕಣ್ಣೆದುರು ಗಿಡವಿಲ್ಲದಿದ್ದರೆ ಅದರ ಹೆಸರು ಮರೆಯುತ್ತದೆ, ಹೆಸರಿನ ಹಿಂದೆ ತಂಬುಳಿಯೂ ಮದ್ದೂ ಮರೆಯುತ್ತವೆ. ಮೂರು ಶತಮಾನಗಳ ಹಿಂದೆ ಹೋರ್ಟಸ್ ಮಲಬಾರಿಕಸ್‌ಗಾಗಿ ಡಚ್ಚರು ನಮ್ಮ ಕರಾವಳಿಯ ವೈದ್ಯರನ್ನು ಕೇಳಿ ಬರೆದುಕೊಂಡದ್ದು ಇಂಥ ತಿಳಿವಳಿಕೆಯನ್ನೇ. ಅದು ಆಂಸ್ಟರ್‌ಡ್ಯಾಮಿನ ಗ್ರಂಥದಲ್ಲಿ ಭದ್ರವಾಗಿದ್ದು, ಪುತ್ತೂರಿನ ಮನೆಯ ಮಗುವಿಗೆ ತಿಮರೆಯ ಗುರುತು ಸಿಗದೆಹೋದರೆ ಅದಕ್ಕಿಂತ ವಿಪರ್ಯಾಸ ಬೇರೆಯಿಲ್ಲ.

ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯು ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸುವ ಪದ್ಧತಿ ಹಾಕಿಕೊಟ್ಟಿತು. ನೀರಿಂಗಿಸುವ ಉಪಾಯಗಳನ್ನು, ಸುರಂಗದ ಸಂಗತಿಗಳನ್ನು ಕರಾವಳಿಯ ಓದುಗರ ಮುಂದಿಟ್ಟವರಲ್ಲಿ ಅದರ ಸಂಪಾದಕ ಶ್ರೀ ಪಡ್ರೆಯವರ ಹೆಸರು ಮುಖ್ಯವಾದುದು. ತೋಟದ ತಿಳಿವಳಿಕೆಗೆ ಹೀಗೆ ಒಂದು ದಾಖಲೆ ಇದೆ. ಬಚ್ಚಲ ಹಿಂಬದಿಯ ತಿಳಿವಳಿಕೆ ಹೆಚ್ಚಾಗಿ ಹೆಂಗಸರ ಕೈಯಲ್ಲಿತ್ತು. ಅದಕ್ಕೆ ಗಿಡವೇ ದಾಖಲೆ. ಹಳ್ಳಿಯ ಮನೆಯಲ್ಲಿ ಇನ್ನೂ ಇರುವ ಅಜ್ಜಿ ಬಸಳೆಯ ಒಂದು ಗೇಣು ದಂಟು, ಬೇರುಸಹಿತ ಒಂದೆಲಗದ ಒಂದು ಹಿಡಿ ಕಟ್ಟಿಕೊಟ್ಟರೆ ಪೇಟೆಯ ಕುಂಡಕ್ಕೆ ಅಷ್ಟು ಸಾಕು. ಬಸಳೆಯ ದಂಟನ್ನು ಓರೆಯಾಗಿ ಊರಿದರೆ ಎರಡು ವಾರದೊಳಗೆ ಚಿಗುರು ಕಾಣುತ್ತದೆ. ಕುಂಡಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ತುಂಬಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಎಲೆಯನ್ನು ಅವರ ಕೈಯಿಂದಲೇ ಕೀಳಿಸಿ, ಅದರ ಹೆಸರನ್ನು ತುಳುವಿನಲ್ಲೂ ಕನ್ನಡದಲ್ಲೂ ಹೇಳಿಕೊಟ್ಟರೆ ಆ ಕುಂಡಕ್ಕೆ ಸುರಿದ ನೀರು ವ್ಯರ್ಥವಾಗದು.